ಕೈ ಬಿಟ್ಟರೂ ತಿರುಗುವ ಹ್ಯಾಂಡಲ್

ಜಪಾನಿನ ಆರನೇ ತರಗತಿಯ ಮಕ್ಕಳಿಗೆ ವಿಜ್ಞಾನದಲ್ಲಿ ಒಂದು ಒಳ್ಳೆಯ ಪಾಠವಿದೆ. ಕರೆಂಟನ್ನು ತಾವೇ ತಯಾರಿಸಬೇಕು, ತಾವೇ ಕೂಡಿಡಬೇಕು, ಆಮೇಲೆ ತಾವೇ ಖರ್ಚು ಮಾಡಬೇಕು. 2011ರಿಂದ ಅಲ್ಲಿನ ಶಾಲೆಗಳಲ್ಲಿ ಇದು ನಡೆಯುತ್ತಿದೆ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಕೈಯಿಂದ ತಿರುಗಿಸುವ ಪುಟ್ಟ ಜನರೇಟರ್ ಒಂದು. ಅದರ ಮೈಯೆಲ್ಲ ಪಾರದರ್ಶಕ ಪ್ಲಾಸ್ಟಿಕ್. ಹ್ಯಾಂಡಲ್ ತಿರುವಿದರೆ ಒಳಗೆ ಹಲ್ಲಿನ ಚಕ್ರಗಳು ಒಂದನ್ನೊಂದು ತಳ್ಳಿಕೊಂಡು ಓಡುವುದು, ಕೊನೆಗೆ ಪುಟಾಣಿ ಮೋಟರೊಂದು ಗರಗರ ಸುತ್ತುವುದು, ಎಲ್ಲ ಕಾಣುತ್ತದೆ. ಜೊತೆಗೊಂದು ಟಾರ್ಚ್ ಬಲ್ಬು, ಒಂದು ಎಲ್‌ಇಡಿ. ಮತ್ತೆ ಎರಡು ತಂತಿಯ ಕಾಲುಗಳಿರುವ ಸಣ್ಣದೊಂದು ಉರುಳೆ. ಅದೇ ಕೆಪಾಸಿಟರ್, ಇವತ್ತಿನ ನಮ್ಮ ಕಥೆಯ ನಾಯಕ.

ಜನರೇಟರಿನೊಳಗೆ ಮೋಟರಿಗೇನು ಕೆಲಸ ಅಂತ ಕೇಳುತ್ತೀರಾ? ಅವೆರಡೂ ಒಂದೇ ಯಂತ್ರ. ಕರೆಂಟು ಕೊಟ್ಟರೆ ತಿರುಗುತ್ತದೆ, ತಿರುಗಿಸಿದರೆ ಕರೆಂಟು ಕೊಡುತ್ತದೆ. ಒಳಗಿರುವುದು ಅಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ, ಅಷ್ಟೆ. ಅಯಸ್ಕಾಂತದ ಮಗ್ಗುಲಲ್ಲಿ ಸುರುಳಿ ಆಡಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ ಎಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟದ್ದು 1831ರಲ್ಲಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಜನರೇಟರನ್ನು ನೇರವಾಗಿ ಬಲ್ಬಿಗೆ ಜೋಡಿಸೋಣ. ತಿರುಗಿಸಿದರೆ ಬಲ್ಬು ಉರಿಯಿತು. ಜೋರಾಗಿ ತಿರುಗಿಸಿದರೆ ಬೆಳಕೂ ಜೋರು. ಕೈ ನಿಲ್ಲಿಸಿದಿರೋ, ಕತ್ತಲೆ. ಜನರೇಟರಿನ ಕರೆಂಟಿನ ಕಷ್ಟವೇ ಇದು: ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಈ ಆಟಿಕೆಗೆ ಮಾತ್ರವಲ್ಲ, ಶರಾವತಿಯ ದೊಡ್ಡ ಜನರೇಟರುಗಳಿಗೂ ಇದೇ ಕಟ್ಟುಪಾಡು. ನೀರನ್ನು ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಡಬಹುದು. ಆ ನೀರಿನಿಂದ ತಯಾರಾದ ಕರೆಂಟನ್ನು ತಂತಿಯಲ್ಲಿ ಒಂದು ಸೆಕೆಂಡೂ ನಿಲ್ಲಿಸಿಡಲಾಗದು. ಕರೆಂಟು ತಂಗಬೇಕಾದರೆ ಅದಕ್ಕೊಂದು ಜಾಗ ಮಾಡಿಕೊಡಬೇಕು.

ಈಗ ಬಲ್ಬು ತೆಗೆದು ಆ ಜಾಗದಲ್ಲಿ ಕೆಪಾಸಿಟರ್ ಹಾಕೋಣ. ಅದರ ಮೇಲೆ 2.7 ವೋಲ್ಟ್, 10 ಫ್ಯಾರಡ್ ಎಂದು ಬರೆದಿದೆ ಅಂತಿಟ್ಟುಕೊಳ್ಳಿ. ಹ್ಯಾಂಡಲ್ ತಿರುಗಿಸಿ. ಅರೆ, ಇದೇನು ಇಷ್ಟು ಬಿಗಿ! ಬಲ್ಬು ಉರಿಸುವಾಗಲೂ ಇಷ್ಟು ಭಾರ ಇರಲಿಲ್ಲ. ಆದರೆ ತಿರುಗಿಸುತ್ತ ಹೋದಂತೆ ಬಿಗಿ ತಾನೇ ಸಡಿಲವಾಗುತ್ತದೆ. ನಿಮಿಷ ಕಳೆಯುವಷ್ಟರಲ್ಲಿ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಯಾಕೆ ಹೀಗೆ? ಖಾಲಿ ಕೆಪಾಸಿಟರ್ ಮೊದಮೊದಲು ಕೊಟ್ಟಷ್ಟು ಕರೆಂಟನ್ನೂ ನುಂಗುತ್ತದೆ. ಸುರುಳಿಯಲ್ಲಿ ಹೆಚ್ಚು ಕರೆಂಟು ಹರಿದಷ್ಟೂ ಅಯಸ್ಕಾಂತ ಸುರುಳಿಯನ್ನು ಹೆಚ್ಚು ತಡೆಯುತ್ತದೆ. ಆ ತಡೆಯೇ ನಿಮ್ಮ ಕೈಗೆ ಸಿಗುವ ಬಿಗಿ. ತುಂಬುತ್ತ ಬಂದ ಕೆಪಾಸಿಟರ್ ಎದುರೊತ್ತಲು ಶುರುಮಾಡುತ್ತದೆ, ಕರೆಂಟು ಕಡಿಮೆಯಾಗುತ್ತದೆ, ಕೈ ಹಗುರವಾಗುತ್ತದೆ. ಅಂದರೆ ಮೀಟರ್ ಇಲ್ಲದೆಯೂ ನಿಮ್ಮ ತೋಳೇ ಹೇಳಿಬಿಡುತ್ತದೆ, ಕೆಪಾಸಿಟರ್ ಎಷ್ಟು ತುಂಬಿತು ಅಂತ. ನನಗಂತೂ ಮೀಟರಿನ ಮುಳ್ಳಿಗಿಂತ ಈ ತೋಳಿನ ಲೆಕ್ಕವೇ ಇಷ್ಟ.

ತುಂಬಿದ ಕೆಪಾಸಿಟರನ್ನು ಬಿಚ್ಚಿ ಟಾರ್ಚ್ ಬಲ್ಬಿಗೆ ಕೊಡಿ. ಚೆನ್ನಾಗಿ ಉರಿಯುತ್ತದೆ, ಬೇಗನೆ ಮಂಕಾಗುತ್ತದೆ, ಕೆಂಪಗಾಗಿ ನಂದಿಹೋಗುತ್ತದೆ. ಮತ್ತೆ ಅಷ್ಟೇ ತುಂಬಿ ಈ ಸಲ ಎಲ್‌ಇಡಿಗೆ ಕೊಡಿ. ಎಷ್ಟೋ ನಿಮಿಷ ಕಳೆದರೂ ಆರುವ ಹಾಗೆ ಕಾಣುವುದಿಲ್ಲ. ಕೂಡಿಟ್ಟದ್ದು ಎರಡು ಸಲವೂ ಒಂದೇ. ಬಲ್ಬು ಅದರಲ್ಲಿ ಬಹುಪಾಲನ್ನು ಶಾಖ ಮಾಡಿ ಕಳೆಯಿತು, ಎಲ್‌ಇಡಿ ಕೈ ಬಿಗಿಹಿಡಿದು ಖರ್ಚು ಮಾಡಿತು. ಜಪಾನಿನ ಮಕ್ಕಳು ಈ ಎರಡು ಸಮಯಗಳನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುತ್ತಾರೆ.

ಕೆಪಾಸಿಟರಿನ ಒಳಗೆ ಏನಿದೆ? ಮೂಲದಲ್ಲಿ ಎರಡು ಲೋಹದ ಹಾಳೆ, ನಡುವೆ ಕರೆಂಟು ದಾಟಲಾರದ ಒಂದು ತೆರೆ. ತೆರೆ ಕಾಗದದ್ದಿರಬಹುದು, ಪ್ಲಾಸ್ಟಿಕ್ಕಿನದಿರಬಹುದು, ಗಾಜಿರಬಹುದು, ಬರೀ ಗಾಳಿಯೂ ಆದೀತು. ಜನರೇಟರ್ ಒಂದು ಹಾಳೆಯಿಂದ ಎಲೆಕ್ಟ್ರಾನುಗಳನ್ನು ಎಳೆದು, ತಂತಿಯ ಮೂಲಕ ಸುತ್ತು ಹಾಕಿಸಿ, ಇನ್ನೊಂದು ಹಾಳೆಗೆ ತಳ್ಳುತ್ತದೆ. ಕಳೆದುಕೊಂಡ ಹಾಳೆ ಪ್ಲಸ್, ಪಡೆದುಕೊಂಡದ್ದು ಮೈನಸ್. ಮನೆ ಬಿಟ್ಟುಬಂದ ಎಲೆಕ್ಟ್ರಾನುಗಳಿಗೆ ವಾಪಸ್ ಹೋಗುವ ತವಕ. ಮನೆ ಎದುರಿಗೇ ಇದೆ, ಆದರೆ ನಡುವಿನ ತೆರೆ ಬಿಡುವುದಿಲ್ಲ. ಈ ಎಳೆತದಲ್ಲೇ ಶಕ್ತಿ ಕೂತಿರುತ್ತದೆ. ಒಂದು ಸೋಜಿಗ ನೋಡಿ: ಖಾಲಿ ಕೆಪಾಸಿಟರಿನಲ್ಲೂ ತುಂಬಿದ ಕೆಪಾಸಿಟರಿನಲ್ಲೂ ಎಲೆಕ್ಟ್ರಾನುಗಳ ಒಟ್ಟು ಸಂಖ್ಯೆ ಒಂದೇ! ಒಂದು ಕಡೆಯವು ಇನ್ನೊಂದು ಕಡೆಗೆ ಹೋಗಿ ಕೂತಿವೆ, ಅಷ್ಟೆ.

ಇನ್ನು ಈ ಪಾಠದ ಅತಿ ಸ್ವಾರಸ್ಯದ ಭಾಗ. ಕೆಪಾಸಿಟರ್ ತುಂಬುವ ತನಕ ಹ್ಯಾಂಡಲನ್ನು ಬಲಗಡೆಗೆ ತಿರುಗಿಸಿದ್ದೀರಿ. ಏನನ್ನೂ ಬಿಚ್ಚಬೇಡಿ, ಹ್ಯಾಂಡಲಿನಿಂದ ಕೈ ತೆಗೆದುಬಿಡಿ. ಏನಾಗುತ್ತದೆ?

ನಿಲ್ಲುವುದಿಲ್ಲ, ತಾನಾಗಿಯೇ ತಿರುಗುತ್ತದೆ! ನೀವು ತುಂಬಿದ ಕರೆಂಟೇ ವಾಪಸ್ ಬಂದು ಜನರೇಟರನ್ನು ಮೋಟರು ಮಾಡಿದೆ. ಈಗ ಹೇಳಿ, ಯಾವ ಕಡೆಗೆ ತಿರುಗೀತು? ಕೇಳಿದವರಲ್ಲಿ ಹೆಚ್ಚಿನವರು ಎಡಕ್ಕೆ ಅನ್ನುತ್ತಾರೆ. ಕರೆಂಟು ಹಿಂದಕ್ಕೆ ಹರಿಯುತ್ತಿದೆ, ಹಾಗಾದರೆ ಹ್ಯಾಂಡಲೂ ಹಿಂದಕ್ಕೆ ತಾನೇ? ಅಲ್ಲ. ಅದು ಬಲಗಡೆಗೇ ತಿರುಗುತ್ತದೆ, ನೀವು ತಿರುಗಿಸಿದ ದಿಕ್ಕಿಗೇ. ಕೈ ಬಿಟ್ಟದ್ದು ಅದಕ್ಕೆ ಗೊತ್ತೇ ಆಗಲಿಲ್ಲವೇನೋ ಎಂಬಂತೆ!

ಕಾರಣ ಹುಡುಕೋಣ. ನೀವು ಬಲಕ್ಕೆ ತಿರುಗಿಸುವಾಗ ಕೈಗೆ ಬಿಗಿ ತಟ್ಟುತ್ತಿತ್ತಲ್ಲ, ಆಗ ಅಯಸ್ಕಾಂತ ಸುರುಳಿಯನ್ನು ಎಡಕ್ಕೆ ಜಗ್ಗುತ್ತಿತ್ತು. ಹಾಗೆ ಜಗ್ಗಲು ಕಾರಣ ಸುರುಳಿಯಲ್ಲಿ ಕೆಪಾಸಿಟರಿನ ಕಡೆಗೆ ಹರಿಯುತ್ತಿದ್ದ ಕರೆಂಟು. ಕೈ ಬಿಟ್ಟಮೇಲೆ ಕರೆಂಟು ಉಲ್ಟಾ ಹರಿಯಿತು. ಕರೆಂಟು ಉಲ್ಟಾ ಆದರೆ ಜಗ್ಗಾಟವೂ ಉಲ್ಟಾ. ಎಡಕ್ಕೆ ಜಗ್ಗುತ್ತಿದ್ದದ್ದು ಈಗ ಬಲಕ್ಕೆ ತಳ್ಳುತ್ತದೆ. ಮೋಟರೂ ಜನರೇಟರೂ ಒಂದೇ ಯಂತ್ರ ಎಂದಿದ್ದು ನೆನಪಾಯಿತೇ? ತಲೆಯೊಳಗೆ ಇದು ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವಸರ ಬೇಡ, ಇನ್ನೊಂದು ಸಲ ಓದಿಕೊಳ್ಳಿ.

ತಮಾಷೆಯೇನೋ ಚೆನ್ನಾಗಿದೆ. ಆದರೆ ಕಷ್ಟಪಟ್ಟು ಕೂಡಿಟ್ಟದ್ದು ಹೀಗೆ ಹ್ಯಾಂಡಲ್ ತಿರುಗಿಸಿಯೇ ಮುಗಿದುಹೋದರೆ ಹೇಗೆ? ಅದಕ್ಕೆ ನಡುವೆ ಒಂದು ಡಯೋಡ್ ಹಾಕುತ್ತಾರೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಒಳಗೆ ಹೋದದ್ದು ಬಂದ ದಾರಿಯಲ್ಲಿ ಹೊರಗೆ ಬರಲಾರದು. ಬಿಟ್ಟಿಯಾಗಿ ಅಲ್ಲ, ಪ್ರತಿ ಸಲವೂ ಅರ್ಧ ವೋಲ್ಟಿನ ಆಸುಪಾಸು ಸುಂಕ ವಸೂಲಿ ಮಾಡಿಯೇ ಬಿಡುತ್ತದೆ.

ನಿಮಗೂ ಮಾಡಿ ನೋಡಬೇಕು ಅನ್ನಿಸುತ್ತಿರಬಹುದು. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಲ್ಲಿ, ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ, ಆಟಿಕೆ ರೋಬಾಟುಗಳಿಗೆ ಹಾಕುವ ಹಳದಿ ಬಣ್ಣದ ಗೇರ್ ಮೋಟರ್ ಸಿಗುತ್ತದೆ. ಅದರ ಅಕ್ಷಕ್ಕೆ ಚಕ್ರ ಸಿಕ್ಕಿಸಿ ಕೈಯಿಂದ ತಿರುಗಿಸಿದರೆ ಅದೇ ಜನರೇಟರ್. ಬರೀ ಆಟಿಕೆ ಕಾರಿನ ಮೋಟರನ್ನು ಬೆರಳಿನಿಂದ ತಿರುಗಿಸಿದರೆ ವೇಗ ಸಾಲದು, ಗೇರ್ ಇರಲೇಬೇಕು. ಕೆಂಪು ಎಲ್‌ಇಡಿಯ ಜೊತೆಗೆ 100 ಓಮಿನ ರೆಸಿಸ್ಟರ್ ಇರಲಿ. ಕೆಪಾಸಿಟರಿನ ಮೈಮೇಲೆ ಒಂದು ಪಟ್ಟಿ ಎಳೆದಿರುತ್ತಾರೆ, ಆ ಬದಿಯ ಕಾಲು ಮೈನಸ್. ಅದನ್ನು ಅದಲುಬದಲು ಮಾಡಬಾರದು. ಬರೆದಿರುವ 2.7 ವೋಲ್ಟನ್ನು ದಾಟಿಸಲೂ ಬಾರದು. ಪಕ್ಕದಲ್ಲಿ ದೊಡ್ಡವರೊಬ್ಬರು ಮಲ್ಟಿಮೀಟರ್ ಹಿಡಿದು ಕೂತರೆ ಇನ್ನೂ ಒಳ್ಳೆಯದು. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಈ ಯಾವುದನ್ನೂ ಒಯ್ಯಬೇಡಿ.

ಯಾಕೆ ಇಷ್ಟು ಎಚ್ಚರಿಕೆ ಅಂದಿರಾ? ಕೆಪಾಸಿಟರ್ ಹುಟ್ಟಿದ್ದೇ ಒಂದು ಭಾರೀ ಹೊಡೆತದೊಂದಿಗೆ. ಹಾಲೆಂಡಿನ ಲೈಡನ್ ಊರಿನಲ್ಲಿ ಪೀಟರ್ ವಾನ್ ಮುಸ್ಶೆನ್‌ಬ್ರೂಕ್ ಎಂಬ ಪ್ರೊಫೆಸರ್ ಇದ್ದರು. ಆಗಿನ ಕಾಲದ ಜನರೇಟರಿನಲ್ಲಿ ಸುರುಳಿ, ಅಯಸ್ಕಾಂತ ಯಾವುದೂ ಇರಲಿಲ್ಲ. ಗಾಜಿನ ದೊಡ್ಡ ಗೋಳವನ್ನು ಚಕ್ರ ಕಟ್ಟಿ ತಿರುಗಿಸುವುದು, ತಿರುಗುವ ಗಾಜಿಗೆ ಅಂಗೈ ಒತ್ತಿ ಉಜ್ಜುವುದು. ಹೀಗೆ ಹುಟ್ಟಿದ ವಿದ್ಯುತ್ತನ್ನು ಗಾಜಿನ ಜಾಡಿಯಲ್ಲಿರುವ ನೀರಿಗೆ ಇಳಿಸಿ ನಿಲ್ಲಿಸಬಹುದೇ ಅಂತ ಅವರು ನೋಡುತ್ತಿದ್ದರು. ಅವರ ಲ್ಯಾಬಿಗೆ ಬಂದುಹೋಗುತ್ತಿದ್ದ ಕುನೇಯಸ್ ಎಂಬ ವಕೀಲರು ಒಂದು ಸಲ ಜಾಡಿಯನ್ನು ಕೈಯಲ್ಲೇ ಹಿಡಿದುಕೊಂಡು ತುಂಬಿದರು. ಇನ್ನೊಂದು ಕೈಯಿಂದ ನೀರಿಗಿಳಿದಿದ್ದ ತಂತಿಯನ್ನು ಮುಟ್ಟಿದ್ದೇ ತಡ, ಮೈಯೆಲ್ಲ ನಡುಗಿಹೋಯಿತು. ಯಾಕೆಂದು ಈಗ ನೀವೇ ಹೇಳಬಲ್ಲಿರಿ: ಒಳಗಿನ ನೀರು ಒಂದು ಹಾಳೆ, ಗಾಜು ನಡುವಿನ ತೆರೆ, ಜಾಡಿ ಹಿಡಿದ ಅಂಗೈಯೇ ಇನ್ನೊಂದು ಹಾಳೆ! ಪ್ರೊಫೆಸರ್ ತಾವೂ ಹಾಗೆ ಮಾಡಿ ನೋಡಿದರು. 1746ರ ಜನವರಿಯಲ್ಲಿ ಪ್ಯಾರಿಸಿನ ಗೆಳೆಯರಿಗೆ ಕಾಗದ ಬರೆದು, ಇಡೀ ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಇನ್ನೊಮ್ಮೆ ಆ ಹೊಡೆತ ತಿನ್ನಲಾರೆ ಎಂಬ ಅರ್ಥದ ಮಾತು ಹೇಳಿದರು. ಇದಕ್ಕೆ ಕೆಲವು ತಿಂಗಳ ಮುಂಚೆ, 1745ರಲ್ಲಿ, ಜರ್ಮನ್ ಪಾದ್ರಿ ಎವಾಲ್ಡ್ ವಾನ್ ಕ್ಲೈಸ್ಟ್ ಕೂಡ ಇಂಥದ್ದೇ ಹೊಡೆತ ತಿಂದಿದ್ದರು. ಆದರೆ ಹೆಸರು ಲೈಡನ್ ಊರಿಗೇ ಹೋಯಿತು, ಜಾಡಿಗೆ ಲೈಡನ್ ಜಾಡಿ ಎಂದೇ ಹೆಸರಾಯಿತು.

ಪ್ರೊಫೆಸರ್ ಬೇಡವೆಂದದ್ದೇ ಫ್ರಾನ್ಸಿನಲ್ಲಿ ಆಟವಾಯಿತು. ನೊಲೆ ಎಂಬ ವಿಜ್ಞಾನಿ, ದೊರೆ 15ನೇ ಲೂಯಿಯ ಮುಂದೆ 180 ಸೈನಿಕರನ್ನು ಕೈ ಕೈ ಹಿಡಿಸಿ ನಿಲ್ಲಿಸಿ, ಒಂದೇ ಜಾಡಿಯನ್ನು ಅವರ ಮೂಲಕ ಖಾಲಿ ಮಾಡಿದರು. 180 ಜನವೂ ಒಟ್ಟಿಗೇ ಎಗರಿದರಂತೆ! ದೊರೆಗೆ ನಗು ಬಂದಿರಬೇಕು. ಸೈನಿಕರನ್ನು ಯಾರೂ ಕೇಳಿದ ಹಾಗಿಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1750ರ ಡಿಸೆಂಬರಿನಲ್ಲಿ ಇಂಥ ಜಾಡಿಗಳಿಂದ ಟರ್ಕಿ ಕೋಳಿ ಕೊಲ್ಲಲು ಹೋಗಿ ತಾವೇ ಹೊಡೆತ ತಿಂದು ಸುಸ್ತಾದರು.

ಆ ಜಾಡಿಯ ಸಂತತಿ ಇವತ್ತು ನಮ್ಮ ಮನೆಗಳಲ್ಲಿದೆ. ಕ್ಯಾಮೆರಾದ ಫ್ಲ್ಯಾಶ್ ಒಳಗಿನ ಕೆಪಾಸಿಟರ್ ಸುಮಾರು 300 ವೋಲ್ಟಿಗೆ ತುಂಬಿಕೊಂಡು, ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾಗುತ್ತದೆ. ಮೈಕ್ರೋವೇವ್ ಓವನ್ನಿನಲ್ಲಿ ಇರುವುದು ಇನ್ನೂ ಭಯಂಕರ, ಸಾವಿರ ವೋಲ್ಟ್ ದಾಟಿದ್ದು. ಪ್ಲಗ್ ಕಿತ್ತರೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಹಾಗಾಗಿ ಇಂಥ ಸಾಮಾನುಗಳನ್ನು ಬಿಚ್ಚುವ ಯೋಚನೆಯೇ ಬೇಡ. ಫ್ಯಾನು ತಿರುಗದಿದ್ದಾಗ ಎಲೆಕ್ಟ್ರಿಷಿಯನ್ ಬಂದು "ಕಂಡೆನ್ಸರ್ ಹೋಗಿದೆ" ಅನ್ನುತ್ತಾರಲ್ಲ, ಅದೂ ಕೆಪಾಸಿಟರೇ. ಆದರೆ ಅದರ ಕೆಲಸ ಕೂಡಿಡುವುದಲ್ಲ, ಫ್ಯಾನಿಗೆ ತಿರುಗುವ ದಿಕ್ಕು ತೋರಿಸಿ ಚಾಲೂ ಮಾಡುವುದು. ಆ ಕಥೆ ಇನ್ನೊಮ್ಮೆ.

ಫ್ಯಾನಿನ ಕೆಪಾಸಿಟರಿನ ಮೇಲೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಅಂದರೆ ನಮ್ಮ ಪ್ರಯೋಗದ 10 ಫ್ಯಾರಡಿನ ಪುಟ್ಟ ಉರುಳೆಗೆ ಅದರ 40 ಲಕ್ಷ ಪಟ್ಟು ಸಾಮರ್ಥ್ಯ! ಫ್ಯಾರಡ್ ಅನ್ನುವುದು ಫ್ಯಾರಡೆಯವರ ಹೆಸರಿನಲ್ಲೇ ಇಟ್ಟ ಅಳತೆ. ಅದು ಎಷ್ಟು ದೊಡ್ಡದು ಅಂದರೆ, ಎರಡು ಲೋಹದ ಹಾಳೆಗಳನ್ನು ಒಂದು ಮಿಲಿಮೀಟರ್ ಗಾಳಿಯ ಅಂತರದಲ್ಲಿ ಎದುರುಬದುರು ನಿಲ್ಲಿಸಿ ಒಂದೇ ಒಂದು ಫ್ಯಾರಡ್ ಮಾಡಬೇಕಾದರೆ ಪ್ರತಿ ಹಾಳೆಯೂ ಸುಮಾರು 113 ಚದರ ಕಿಲೋಮೀಟರ್ ಇರಬೇಕು. ಚೌಕದ ಒಂದು ಬದಿ ನಡೆದು ಮುಗಿಸಲು ಎರಡು ಗಂಟೆ ಬೇಕು. ಅಂಥ ಹತ್ತು ಫ್ಯಾರಡನ್ನು ಬೆರಳಿನ ತುದಿಯಷ್ಟು ಉರುಳೆಯಲ್ಲಿ ಅಡಗಿಸಿದ್ದು ಹೇಗೆ?

ಉತ್ತರ ನಿಮ್ಮ ಅಡುಗೆಮನೆಯಲ್ಲಿ ಬಿದ್ದಿರಬಹುದು: ತೆಂಗಿನ ಕರಟ. ಕರಟವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅದನ್ನು ಮತ್ತೆ ತುಂಬಾ ಬಿಸಿಯಲ್ಲಿ ಉಗಿ ಹಾಯಿಸಿ ಹದಮಾಡಿದರೆ ಅದರ ಮೈಯೆಲ್ಲ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಆ ತೂತುಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಒಂದೇ ಒಂದು ಗ್ರಾಂ ಇದ್ದಿಲು ಹತ್ತು ಗುಂಟೆಗೂ ಹೆಚ್ಚು ಜಾಗ ಹಿಡಿಯುತ್ತದೆ. ಒಂದು ಚಿಟಿಕೆ ಇದ್ದಿಲಿನಲ್ಲಿ ಒಂದು ಸಣ್ಣ ತೋಟ! ಈ ಇದ್ದಿಲನ್ನು ಲೋಹದ ಹಾಳೆಗೆ ಬಳಿದು, ಅಯಾನುಗಳು, ಅಂದರೆ ಪ್ಲಸ್ ಅಥವಾ ಮೈನಸ್ ವಿದ್ಯುತ್ ಹೊತ್ತ ಕಣಗಳು, ಇರುವ ದ್ರವದಲ್ಲಿ ನೆನೆಸುತ್ತಾರೆ. ಅಯಾನುಗಳು ಇದ್ದಿಲಿನ ಗೋಡೆಗೆ ಒತ್ತಿಕೊಂಡು ಕೂರುತ್ತವೆ. ಅವೆರಡರ ನಡುವಿನ ಅಂತರ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಆಸುಪಾಸು. ಮೈ ಹೆಚ್ಚಾಯಿತು, ಅಂತರ ಕಿರಿದಾಯಿತು. ಸಾಮರ್ಥ್ಯ ಹೆಚ್ಚಲು ಬೇಕಾದ್ದು ಇವೆರಡೇ. ತೂತುತೂತಾದ ಇಂಗಾಲವನ್ನು ಹೀಗೆ ಬಳಸಬಹುದು ಎಂಬುದಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1957ರಲ್ಲಿ ಪೇಟೆಂಟ್ ಪಡೆಯಿತು. ಈಗ ಇದಕ್ಕೆ ಸೂಪರ್ ಕೆಪಾಸಿಟರ್ ಅನ್ನುತ್ತಾರೆ. ತಿಪಟೂರಿನ ಕಡೆಯ ಮಕ್ಕಳು ಇದನ್ನು ಕೇಳಿದರೆ ಒಲೆಗೆ ಹಾಕುವ ಕರಟವನ್ನು ಇನ್ನೊಂದು ಸಲ ತಿರುಗಿಸಿ ನೋಡಿಯಾರು.

ಹೆಸರಿನಲ್ಲಿ ಸೂಪರ್ ಇದ್ದರೂ ಲೆಕ್ಕ ಹಾಕಿದರೆ ಸ್ವಲ್ಪ ನಿರಾಸೆಯಾಗುತ್ತದೆ. ನಮ್ಮ 10 ಫ್ಯಾರಡಿನದನ್ನು 2.5 ವೋಲ್ಟಿಗೆ ತುಂಬಿದರೆ ಅದರಲ್ಲಿರುವ ಶಕ್ತಿ ಸುಮಾರು 31 ಜೌಲ್. ಒಂದು ಕಿಲೋ ಅಕ್ಕಿಯನ್ನು ನೆಲದಿಂದ ಮೂರು ಮೀಟರ್ ಎತ್ತಲು ಸಾಕು, ಅಷ್ಟೆ. ಅದರ ಅರ್ಧಕ್ಕೆ, ಅಂದರೆ 1.25 ವೋಲ್ಟಿಗೆ, ತುಂಬಿ ನಿಲ್ಲಿಸಿದರೆ ಶಕ್ತಿ ಅರ್ಧವಲ್ಲ, ಕಾಲುಭಾಗ ಮಾತ್ರ. ಮನೆಯ ಮೊಬೈಲಿನ 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 69,000 ಜೌಲ್ ಇರುತ್ತದೆ. ಅಷ್ಟನ್ನು ಕೂಡಿಡಲು ನಮ್ಮ ಉರುಳೆಗಳು ಎರಡು ಸಾವಿರಕ್ಕೂ ಹೆಚ್ಚು ಬೇಕು, ಕೈಚೀಲದಲ್ಲಿ ಹೊತ್ತು ತಿರುಗಬೇಕು!

ಹಾಗಾದರೆ ಕೆಪಾಸಿಟರ್ ಯಾಕೆ ಬೇಕು, ಬ್ಯಾಟರಿಯೇ ಸಾಕಲ್ಲ? ಸ್ನಾನದ ಮನೆಯ ಹಂಡೆ ಮತ್ತು ಚೊಂಬನ್ನು ನೋಡಿ. ಹಂಡೆಯಲ್ಲಿ ನೀರು ಬಹಳ, ಆದರೆ ಹಂಡೆಯನ್ನೇ ಎತ್ತಿ ತಲೆಗೆ ಸುರಿದುಕೊಳ್ಳಲಾಗದು. ಚೊಂಬಿಗೆ ಹಿಡಿಯುವುದು ಸ್ವಲ್ಪ, ಆದರೆ ಅದ್ದಿದ ತಕ್ಷಣ ತುಂಬುತ್ತದೆ, ಬಗ್ಗಿಸಿದ ತಕ್ಷಣ ಖಾಲಿ. ಬ್ಯಾಟರಿಯೊಳಗೆ ರಾಸಾಯನಿಕ ಕ್ರಿಯೆ ನಡೆಯಬೇಕು, ಅದು ನಿಧಾನ. ಮತ್ತೆ ಮತ್ತೆ ನಡೆದು ಬ್ಯಾಟರಿ ಸವೆಯುತ್ತದೆ ಕೂಡ. ಕೆಪಾಸಿಟರಿನಲ್ಲಿ ಎಲೆಕ್ಟ್ರಾನುಗಳು ಜಾಗ ಬದಲಿಸಿದರೆ ಮುಗಿಯಿತು. ಒಳ್ಳೆಯ ಸೂಪರ್ ಕೆಪಾಸಿಟರನ್ನು ಲಕ್ಷಗಟ್ಟಲೆ ಸಲ ತುಂಬಿ ಬರಿದು ಮಾಡಬಹುದು. ಬಿಟ್ಟು ಬಿಟ್ಟು ಕರೆಂಟು ಕೊಡುವ ಜನರೇಟರಿಗೆ ಇದಕ್ಕಿಂತ ಹೊಂದುವ ಜೊತೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಸೈಕಲ್ಲಿನ ಡೈನಮೋ ತೆಗೆದುಕೊಳ್ಳಿ. ನಿಮ್ಮ ಅಜ್ಜಂದಿರ ಸೈಕಲ್ಲಿನಲ್ಲಿ ಟೈರಿಗೆ ಒತ್ತಿಕೊಂಡು ಗುಂಯ್ ಅನ್ನುತ್ತಿತ್ತು. ತುಳಿದಷ್ಟು ಹೊತ್ತು ದೀಪ, ನಿಂತರೆ ಕತ್ತಲೆ. ರಸ್ತೆ ದಾಟಲು ನಿಂತಾಗ ಹಿಂದಿನಿಂದ ಬರುವ ಲಾರಿಗೆ ಸೈಕಲ್ಲು ಕಾಣಬೇಕಾದದ್ದೇ ಆಗ! ಈಗಿನ ಅನೇಕ ಡೈನಮೋ ದೀಪಗಳಲ್ಲಿ ಸೂಪರ್ ಕೆಪಾಸಿಟರ್ ಇರುತ್ತದೆ. ಡೈನಮೋದ ಕರೆಂಟು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಂಥದ್ದು. ಹಾಗೇ ಕೊಟ್ಟರೆ ಕೆಪಾಸಿಟರ್ ತುಂಬಿ, ತಕ್ಷಣ ಬರಿದಾಗಿ, ಏನೂ ಉಳಿಯುವುದಿಲ್ಲ. ನಾಲ್ಕು ಡಯೋಡುಗಳನ್ನು ಸೇರಿಸಿ ಎರಡೂ ದಿಕ್ಕಿನ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಸ್ವಲ್ಪ ದೂರ ತುಳಿದರೆ ಸಾಕು, ಆಮೇಲೆ ಸೈಕಲ್ಲು ನಿಂತರೂ ಎಲ್‌ಇಡಿ ಕೆಲವು ನಿಮಿಷ ಉರಿಯುತ್ತಲೇ ಇರುತ್ತದೆ.

ಇದೇ ಉಪಾಯವನ್ನು ಜಪಾನಿನ ಮಾಜ್ದಾ ಕಂಪನಿ 2012ರಲ್ಲಿ ಕಾರಿಗೆ ತಂದಿತು. ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಓಡುತ್ತಿರುವ ಕಾರೇ ಜನರೇಟರನ್ನು ತಿರುಗಿಸುತ್ತದೆ. ಬ್ರೇಕಿನಲ್ಲಿ ಬಿಸಿಯಾಗಿ ಹಾಳಾಗಬೇಕಾಗಿದ್ದ ಶಕ್ತಿ ಕರೆಂಟಾಗಿ ಕೆಪಾಸಿಟರಿಗೆ ಹೋಗುತ್ತದೆ. ತುಂಬಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಬ್ಯಾಟರಿಗೆ ಅಷ್ಟು ಅವಸರದಲ್ಲಿ ತುಂಬಿಕೊಳ್ಳಲು ಬರುವುದಿಲ್ಲ. ಹೀಗೆ ಉಳಿದ ಕರೆಂಟಿನಿಂದ ಕಾರಿನ ದೀಪ, ಹಾಡು, ಎಸಿ ಎಲ್ಲ ನಡೆಯುತ್ತವೆ.

ಚಿತ್ರದುರ್ಗದ ದಾರಿಯಲ್ಲಿ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದ್ದೀರಾ? ಅವೂ ಜನರೇಟರುಗಳೇ. ಅಂಥ ಯಂತ್ರಗಳ ರೆಕ್ಕೆಗಳನ್ನು ಗಾಳಿಗೆ ತಕ್ಕಂತೆ ಓರೆ ಮಾಡಲು ನಡುವಿನ ಗುಂಬದಲ್ಲಿ ಮೋಟರುಗಳಿರುತ್ತವೆ. ಜೋರು ಗಾಳಿ ಬೀಸುವಾಗಲೇ ಹೊರಗಿನ ಕರೆಂಟು ಹೋಗಿಬಿಟ್ಟರೆ ರೆಕ್ಕೆಗಳನ್ನು ಓರೆ ಮಾಡುವವರಿಲ್ಲದೆ ಯಂತ್ರ ಲಗಾಮಿಲ್ಲದಂತೆ ಸುತ್ತಿ ಮುರಿದುಬಿದ್ದೀತು. ಅದಕ್ಕೆಂದೇ ಜಗತ್ತಿನ ಅನೇಕ ಗಾಳಿಯಂತ್ರಗಳ ಗುಂಬದಲ್ಲಿ ಸೂಪರ್ ಕೆಪಾಸಿಟರುಗಳನ್ನು ತುಂಬಿ ಇಟ್ಟಿರುತ್ತಾರೆ. ಕರೆಂಟು ಹೋದ ಕೂಡಲೇ ಅವು ಮೋಟರನ್ನು ಓಡಿಸಿ ರೆಕ್ಕೆಯ ಅಂಚನ್ನು ಗಾಳಿಗೆ ತಿರುಗಿಸುತ್ತವೆ, ಗಾಳಿಗೆ ಹಿಡಿತ ತಪ್ಪಿ ಯಂತ್ರ ನಿಧಾನವಾಗುತ್ತದೆ. ಇಡೀ ಕೆಲಸಕ್ಕೆ ಬೇಕಾಗುವುದು ಕೆಲವೇ ಸೆಕೆಂಡುಗಳ ಕರೆಂಟು.